ಮೂವತ್ತೇಳನೇ ಬಿಲ್ಲೆ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಪ್ರವೀಣ ಶೆಡ್ಡಿನ ಬಾಗಿಲಲ್ಲಿ ನಿಂತು ಹಾಜರಿ ಕರೆಯುತ್ತಿದ್ದ. ಮೂವತ್ತಾರು ಹೆಸರು ಮುಗಿದ ಮೇಲೆ ‘ಬಂಗಾರಿ’ ಎನ್ನುತ್ತಿದ್ದ. ಸರೋಜಾ ‘ಹೋಯ್’ ಎಂದು ಓಗೊಟ್ಟು, ಸೆರಗಿನ ಗಂಟಿನಿಂದ ಹಿತ್ತಾಳೆ ಬಿಲ್ಲೆ ತೆಗೆದು, ಹಲಗೆಯ ಮೂವತ್ತೇಳನೇ ಮೊಳೆಗೆ ತೂಗುಹಾಕಿ ಒಳಗೆ ಹೋಗುತ್ತಿದ್ದಳು.

ಬಂಗಾರಿ ಎನ್ನುವುದು ಅವಳ ಅತ್ತೆಯ ಹೆಸರು. ಅತ್ತೆ ಸತ್ತು ಆರು ವರ್ಷವಾಗಿತ್ತು.

ಇದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ. ಆ ಶೆಡ್ಡಿನಲ್ಲಿ ಸಿಗಡಿ, ಅಲ್ಲಿಯವರ ಮಾತಿನಲ್ಲಿ ಶೆಟ್ಲಿ, ಸುಲಿಯುವ ಹೆಂಗಸರು ನಲವತ್ತೆರಡು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತ್ತೆಯದೋ ತಾಯಿಯದೋ ಹೆಸರಿಗೆ ಓಗೊಡುವವರೇ. ಬಿಲ್ಲೆ ಮನೆಗೆ ಸೇರಿದ್ದು, ಮನುಷ್ಯರಿಗಲ್ಲ ಎಂಬುದು ಅಲ್ಲಿಯ ಪದ್ಧತಿ. ಹೊನ್ನಾವರದ ಆಚೆ, ಶರಾವತಿ ಕಡಲು ಸೇರುವಲ್ಲಿನ ಮರಳು ದಿಣ್ಣೆ ಶೆಡ್ಡಿನ ಒಡೆಯರದು. ಆ ದಿಣ್ಣೆಯ ಮೇಲೆ ನಲವತ್ತೆರಡು ಹಂಚಿನ ಮನೆ. ಒಡೆಯರ ತಂದೆ ಶೆಡ್ಡು ಕಟ್ಟಿಸಿದಾಗ ಒಂದು ಮಾತು ಹೇಳಿದ್ದರಂತೆ: “ಮನೆಯಿಂದ ಒಂದು ಜೊತೆ ಕೈ ಬರ್ತಾ ಇರ್ಲಿ. ಮನೆ ಯಾರೂ ಕೇಳೂದಿಲ್ಲ.” ಕಾಗದದಲ್ಲಿ ಬರೆದದ್ದಲ್ಲ. ಬರೆದದ್ದಾಗಿದ್ದರೆ ಇಷ್ಟು ವರ್ಷ ಬಾಳುತ್ತಿತ್ತೋ ಇಲ್ಲವೋ. ಕೆಲಸ ಬಿಡುವವಳು ಬದಲಿಗೆ ಮನೆಯ ಇನ್ನೊಬ್ಬಳನ್ನು ಕೊಡಬೇಕು, ಕೊಡದಿದ್ದರೆ ಮನೆ ಬಿಡಬೇಕು. ಅಷ್ಟೇ.

ಸರೋಜಾ ಮಂಕಿ ಊರಿನವಳು. ಇಪ್ಪತ್ತೆರಡಕ್ಕೆ ಮದುವೆಯಾಗಿ ದಿಣ್ಣೆಗೆ ಬಂದಳು. ಗಂಡ ಸೋಮ ಬೋಟಿಗೆ ಹೋಗುವವನು. ಮದುವೆಯಾಗಿ ಹತ್ತು ವರ್ಷಕ್ಕೆ, ಎರಡು ಸಾವಿರದ ಹನ್ನೊಂದರಲ್ಲಿ, ಬಂಗಾರಿಯ ಸೊಂಟ ಕೂತುಹೋಯಿತು. ಆಗ ಬಂಗಾರಿ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿ, ತಟ್ಟೆಯಲ್ಲಿ ವೀಳ್ಯದೆಲೆ, ಅಬ್ಬಲಿಗೆ ಹೂವಿನ ನಡುವೆ ಇಟ್ಟು ಸೊಸೆಯ ಕೈಗೆ ಕೊಟ್ಟಳು. ನೆರೆಯವರೆಲ್ಲ ಬಂದಿದ್ದರು. ಅವಲಕ್ಕಿ ಹಂಚಿದರು. “ಇದು ಮನೆ ಕಾಯ್ತದೆ ತಂಗಿ, ನೀ ಇದ್ನ ಕಾಯಿ” ಎಂದಳು ಅತ್ತೆ. ಸರೋಜಾ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಒತ್ತಿಕೊಂಡದ್ದು ಅವಳಿಗೆ ಆಮೇಲೆ ಬಹಳ ಸಲ ನೆನಪಾಯಿತು, ಒಂದು ಸಲವೂ ಹಿತವಾಗಿ ಅಲ್ಲ.

ಕೆಲಸ ಹೀಗೆ. ಮಂಜುಗಡ್ಡೆಯ ನೀರಿನ ತೊಟ್ಟಿಯಿಂದ ಸಿಗಡಿ ತೆಗೆಯುವುದು, ತಲೆ ಮುರಿಯುವುದು, ಚಿಪ್ಪು ಸುಲಿಯುವುದು, ಬೆನ್ನಿನ ಕಪ್ಪು ನರ ಎಳೆಯುವುದು, ಮತ್ತೆ ಮಂಜುಗಡ್ಡೆಗೆ ಹಾಕುವುದು. ದಿನಕ್ಕೆ ಒಂಬತ್ತು ಗಂಟೆ ನಿಂತೇ. ಕೈಗವಸು ಹಾಕಿದರೆ ಕಪ್ಪು ನರ ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ಹಾಕುತ್ತಿರಲಿಲ್ಲ. ಮೊದಲ ವರ್ಷ ಬೆರಳ ತುದಿ ಬೆಳ್ಳಗಾಗಿ ಬಿರಿಯುತ್ತದೆ. ಮೂರನೇ ವರ್ಷ ಚಳಿ ಗೊತ್ತಾಗುವುದು ನಿಲ್ಲುತ್ತದೆ. ಹೊಸಬರು ಅದನ್ನು ಅಭ್ಯಾಸವಾಯಿತು ಎಂದು ತಿಳಿಯುತ್ತಾರೆ. ಹನ್ನೊಂದನೇ ವರ್ಷ ಸರೋಜಾಳ ಬಲಗೈಯ ತೋರುಬೆರಳು ಮಡಚುವುದನ್ನು ನಿಲ್ಲಿಸಿತು. ಕುಮಟೆಯ ಡಾಕ್ಟರು ಬೆರಳ ತುದಿಗೆ ಸೂಜಿಯಿಂದ ಮೆಲ್ಲಗೆ ಚುಚ್ಚಿ, “ನೋಯುತ್ತದಾ?” ಎಂದು ಕೇಳಿದರು. ಅವಳು ಬೇರೆಲ್ಲೋ ನೋಡುತ್ತಿದ್ದಳು, ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಇನ್ನು ಐಸಿಗೆ ಕೈ ಹಾಕಬೇಡಿ ಎಂದರು ಡಾಕ್ಟರು.

ಐಸಿಗೆ ಕೈ ಹಾಕದೆ ಆ ದಿಣ್ಣೆಯಲ್ಲಿ ಇರುವುದು ಹೇಗೆಂದು ಡಾಕ್ಟರಿಗೆ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿದು ಶೆಡ್ಡು ತೆರೆದ ಎರಡನೇ ವಾರ ಪ್ರವೀಣ ತಕ್ಕಡಿಯ ಹತ್ತಿರ ಅವಳನ್ನು ನಿಲ್ಲಿಸಿದ. ಹಾಜರಿ, ತೂಕ, ಲೆಕ್ಕ ಎಲ್ಲ ಅವನದೇ.

“ಸರೋಜಕ್ಕ, ನಿಂದು ಇವತ್ತು ಹದಿಮೂರು ಕಿಲೋ. ಹೋದ ವರ್ಷ ಇಪ್ಪತ್ತೊಂದು ಇಳೀತಿರ್ಲಿಲ್ಲ.”

“ಬೆರಳು ಮಡಚೂದಿಲ್ಲ ಮಾರಾಯಾ. ಎಂತ ಮಾಡೂದು?”

“ಮಡಚೂ ಬೆರಳು ಮನೇಲಿ ಅದೆಯಲ್ಲ. ಅಂಕಿತಾನ್ನ ಕಳ್ಸು.”

“ಅದು ಕಾಲೇಜಿಗೆ ಹೋಗ್ತದೆ. ಇನ್ನೊಂದು ವರ್ಷ ಅದೆ.”

“ಸುಲಿಯೂದು ಬಿಎಸ್ಸಿಯೋ ಏಳನೇ ಕ್ಲಾಸೋ ಅಂತ ಶೆಟ್ಲಿಗೆ ಎಂತ ಗೊತ್ತಾಗ್ತದೆ?” ಪ್ರವೀಣ ನಕ್ಕ. ಪಕ್ಕದಲ್ಲಿ ಬುಟ್ಟಿ ತೂಗಿಸಲು ನಿಂತ ದುರ್ಗಿಯೂ ನಕ್ಕಳು. ಆಮೇಲೆ ಅವನು ದನಿ ಇಳಿಸಿದ. “ಒಡೆಯರು ಕೇಳಿದ್ರು. ಚೌತಿವರೆಗೆ ನಾ ತಡೀತೆ. ಅದ್ರ ಮೇಲೆ ಮನೆ ವಿಷಯ ನನ್ನ ಕೈಲಿಲ್ಲ.”

ಸರೋಜಾಳ ಮಗಳು ಅಂಕಿತಾ ಕುಮಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ರಸಾಯನಶಾಸ್ತ್ರ ಅವಳಿಗೆ ಇಷ್ಟ. ವಿಷಯ ತಿಳಿದ ಸಂಜೆ ಅವಳು ತಾಯಿಯ ಬೆರಳಿಗೆ ಅರಿಸಿನದೆಣ್ಣೆ ಹಚ್ಚುತ್ತಾ, “ನಾನೇ ಹೋಗ್ತೆ ಆಯಿ. ಒಂದು ವರ್ಷ ಅಷ್ಟೇ. ಆಮೇಲೆ ಪರೀಕ್ಷೆ ಬರೀತೆ” ಎಂದಳು.

“ನಿನ್ನಜ್ಜಿನೂ ಒಂದು ವರ್ಷ ಅಂತ್ಲೇ ಹೋದದ್ದು” ಎಂದಳು ಸರೋಜಾ.

ಸೋಮ ಜಗುಲಿಯಲ್ಲಿ ಬಲೆಯ ಹರಿದ ಕಣ್ಣು ಸೇರಿಸುತ್ತಿದ್ದ. “ಮನೆ ಹೋದ್ರೆ ಎಲ್ಲಿಗೆ ಹೋಗೂದು?” ಎಂದ. ಸಿಟ್ಟಿನ ಮಾತಲ್ಲ, ಉತ್ತರ ಬೇಕಾಗಿ ಕೇಳಿದ್ದು.

ಸರೋಜಾಳ ಚಿಕ್ಕಮ್ಮನ ಮಗಳು ಬೆಳ್ಳಿ ಭಟ್ಕಳದ ಹತ್ತಿರ ಹೆಬಳೆಯಲ್ಲಿ ಒಂದು ಹೊಲಿಗೆ ಮನೆಯಲ್ಲಿ ಕೆಲಸಕ್ಕಿದ್ದಳು. ಶಾಲೆಯ ಸಮವಸ್ತ್ರ, ನೈಟಿ, ಬುರ್ಖಾ ಹೊಲಿಯುವ ಜಾಗ. ನಡೆಸುವವಳು ಶಾಹಿದಾಬಾಯಿ. ಸರೋಜಾ ಬೆಳ್ಳಿಗೆ ಫೋನು ಮಾಡಿ ಕೇಳಿದಳು.

“ಬಾ ಅಕ್ಕ, ಜಾಗ ಖಾಲಿ ಆಗ್ತಾನೇ ಇರ್ತದೆ. ಇಲ್ಲಿ ಯಾರೂ ನಿಲ್ಲೂದಿಲ್ಲ. ಕಲಿತು ಹೋಗ್ತಾರೆ. ಚೌತಿ ಮುಗಿದ ಮೇಲೆ ನಾನೂ ಹೊರಟೆ, ಮಂಕಿಯಲ್ಲಿ ಸ್ವಂತ ಮಶೀನು ಹಾಕೂಕೆ.”

“ಯಾರೂ ನಿಲ್ಲದ್ದು ಎಂತ ಜಾಗನೇ ಅದು?”

“ಹೋಗೂಕೆ ಬಿಡ್ತಾರಲ್ಲ ಅಕ್ಕ, ಅದ್ಕೇ ನಿಲ್ಲೂದಿಲ್ಲ.”

ಸರೋಜಾಳಿಗೆ ನಂಬಿಕೆ ಹುಟ್ಟಲಿಲ್ಲ. ನಿಲ್ಲುವುದೇ ಒಳ್ಳೆಯತನ ಎಂದು ಅವಳು ಹನ್ನೊಂದು ವರ್ಷ ಕೇಳುತ್ತಾ ಬಂದಿದ್ದಳು. ಒಳ್ಳೆಯ ಸೊಸೆ ನಿಲ್ಲುತ್ತಾಳೆ, ಒಳ್ಳೆಯ ಆಳು ನಿಲ್ಲುತ್ತದೆ. ಜನ ನಿಲ್ಲದ ಕಡೆ ಏನೋ ಐಬು ಇರಲೇಬೇಕು.

ಚೌತಿಗೆ ಒಂಬತ್ತು ದಿನ ಇರುವಾಗ ತಪಾಸಣೆ ಬಂತು. ಈ ಶೆಡ್ಡಿನ ಸಿಗಡಿ ಕೊಳ್ಳುವ ದೊಡ್ಡ ಕಂಪನಿಗೆ ಹೊರದೇಶದ ಗಿರಾಕಿಗಳು ಷರತ್ತು ಹಾಕಿದ್ದರಂತೆ: ಸುಲಿಯುವವರನ್ನು ಚೆನ್ನಾಗಿ ನೋಡಿಕೊಳ್ಳುವ ಕಡೆಯಿಂದ ಮಾತ್ರ ಕೊಳ್ಳಬೇಕು. ಅದನ್ನು ಅಳೆಯಲು ಒಂದು ಫಾರ್ಮು. ಅದರಲ್ಲಿ ಒಂದು ಪ್ರಶ್ನೆ, ಕೆಲಸಗಾರರು ಸರಾಸರಿ ಎಷ್ಟು ವರ್ಷದಿಂದ ಇದ್ದಾರೆ? ಹತ್ತು ವರ್ಷ ದಾಟಿದರೆ ಪೂರ್ತಿ ಅಂಕ. ಜನ ಖುಷಿಯಾಗಿದ್ದರೆ ತಾನೇ ಇರುತ್ತಾರೆ ಎಂಬುದು ಪ್ರಶ್ನೆ ಬರೆದವರ ತರ್ಕ.

ಪ್ರವೀಣ ಎರಡು ದಿನ ಕೂತು ಲೆಕ್ಕ ಹಾಕಿದ್ದ. ನಲವತ್ತೆರಡು ಬಿಲ್ಲೆ, ಒಟ್ಟು ಏಳುನೂರ ಎಪ್ಪತ್ತನಾಲ್ಕು ವರ್ಷ, ಸರಾಸರಿ ಹದಿನೆಂಟು ಪಾಯಿಂಟ್ ನಾಲ್ಕು. ಗುಣಾಕಾರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಅವನು ಅಳೆದದ್ದು ಹಿತ್ತಾಳೆಯ ಆಯುಸ್ಸನ್ನು.

“ಹೆಸರು ಕೇಳಿದ್ರೆ ಬಿಲ್ಲೆ ಹೆಸರು ಹೇಳಿ” ಎಂದು ಎಲ್ಲರಿಗೂ ಹೇಳಿದ್ದ. “ಬೇರೆ ಕೇಳಿದ್ರೆ ನನ್ನ ಬದಿ ನೋಡಿ.”

ಮಂಗಳೂರಿನಿಂದ ಬಂದವಳು ಕವಿತಾ ಎಂಬ ಹುಡುಗಿ. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ರಬ್ಬರ್ ಬೂಟು ಹಾಕಿಕೊಂಡು ಒದ್ದೆ ನೆಲದ ಮೇಲೆ ಜಾಗ್ರತೆಯಾಗಿ ನಡೆದಳು. ತೊಟ್ಟಿಯ ನೀರಿಗೆ ಥರ್ಮಾಮೀಟರು ಹಾಕಿ ಬರೆದುಕೊಂಡಳು. ಆಮೇಲೆ ತನ್ನ ಕೈಯನ್ನೇ ಅದ್ದಿ, ಹತ್ತು ಎಣಿಸುವುದರೊಳಗೆ ತೆಗೆದಳು. ಸರೋಜಾ ಅದನ್ನು ನೋಡಿದಳು. ಅಷ್ಟು ವರ್ಷದಲ್ಲಿ ನೋಡಲು ಬಂದ ಯಾರೂ ಆ ನೀರಿಗೆ ಕೈ ಹಾಕಿರಲಿಲ್ಲ.

ಪಟ್ಟಿ ನೋಡುತ್ತಾ ಕವಿತಾ ಮೂವತ್ತೇಳರ ಹತ್ತಿರ ನಿಂತಳು. “ಬಂಗಾರಿ ಅಂದ್ರೆ ನೀವಾ? ವಯಸ್ಸು ನಲವತ್ತಮೂರು, ಸೇರಿ ಇಪ್ಪತ್ತಾರು ವರ್ಷ. ಅಂದ್ರೆ ಹದಿನೇಳಕ್ಕೆ ಸೇರಿದ್ರಾ?”

ಪ್ರವೀಣ ಎರಡು ಹೆಜ್ಜೆಗೆ ಬಂದ. “ವಯಸ್ಸು ಬರೆಯೋದ್ರಲ್ಲಿ ತಪ್ಪಾಗಿದೆ ಮೇಡಂ. ನಲವತ್ತೈದು. ಹೌದಲ್ವಾ ಬಂಗಾರಕ್ಕ?”

ಎಲ್ಲರ ಕೈಯೂ ನಿಂತಿತು. ಸರೋಜಾ ಹೌದೆಂದರೆ ಮುಗಿಯುತ್ತಿತ್ತು. ಅವಳು ನಿಧಾನ ಲೆಕ್ಕ ಹಾಕುವವಳು. ಆ ಒಂಬತ್ತು ದಿನವನ್ನು ಎಲ್ಲ ಬದಿಯಿಂದ ತಿರುಗಿಸಿ ನೋಡಿಯಾಗಿತ್ತು. ತಾನು ಕೆಲಸ ಬಿಟ್ಟರೆ ಬಿಲ್ಲೆ ಅಂಕಿತಾಳಿಗೆ. ತಾನು ಸತ್ತರೂ ಬಿಲ್ಲೆ ಅಂಕಿತಾಳಿಗೆ. ಮನುಷ್ಯರು ಸಾಯುತ್ತಿದ್ದರು, ಬಿಲ್ಲೆ ಸಾಯುತ್ತಿರಲಿಲ್ಲ. ಈಗ ಹೊರಗಿನವಳೊಬ್ಬಳು ಪೆನ್ನು ಹಿಡಿದು ಎದುರಿಗೆ ನಿಂತಿದ್ದಾಳೆ. ಅವಳು ಗೀಟು ಎಳೆದರೆ ಬಿಲ್ಲೆಯೂ ಸಾಯಬಹುದು.

“ಬಂಗಾರಿ ಸತ್ತು ಆರು ವರ್ಷ ಆತು ಅಕ್ಕೋರೆ” ಎಂದಳು. “ನಾನು ಸರೋಜಾ. ಅವರ ಸೊಸೆ. ಹನ್ನೊಂದು ವರ್ಷದಿಂದ ನಾನು ಬರ್ತಾ ಇದ್ದೆ.”

ಕವಿತಾ ಪಟ್ಟಿ ನೋಡಿದಳು, ಅವಳ ಮುಖ ನೋಡಿದಳು, ಮತ್ತೆ ಪಟ್ಟಿ. ಸರೋಜಾ ಎಂಬ ಹೆಸರು ಅಲ್ಲಿ ಎಲ್ಲೂ ಇರಲಿಲ್ಲ. ಅವಳು ಪಕ್ಕದ ದುರ್ಗಿಯ ಕಡೆ ತಿರುಗಿದಳು. “ನಿಮ್ಮ ಹೆಸರು?”

ದುರ್ಗಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. “ದೇವಿ” ಎಂದಳು. ದೇವಿ ಅವಳ ಅತ್ತೆ. ಆ ಹೊತ್ತಿಗೆ ದಿಣ್ಣೆಯ ಮೂರನೇ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು.

ಮುಂದಿನವಳೂ ಹಾಗೇ ಹೇಳಿದಳು. ಅದರ ಮುಂದಿನವಳೂ. ಯಾರೂ ಸರೋಜಾಳ ಮುಖ ನೋಡಲಿಲ್ಲ. ಅವಳಿಗೂ ಅವರ ಮೇಲೆ ಸಿಟ್ಟು ಬರಲಿಲ್ಲ. ಒಬ್ಬೊಬ್ಬರ ಹೆಸರ ಹಿಂದೆಯೂ ಒಂದೊಂದು ಮನೆ ನಿಂತಿತ್ತು.

ಹೊರಡುವ ಮೊದಲು ಕವಿತಾ ನಲ್ಲಿಯ ಹತ್ತಿರ ಒಬ್ಬಳೇ ಸಿಕ್ಕಳು. “ಇಲ್ಲಿ ಬೇಡ ಅನಿಸಿದರೆ ಬಿಟ್ಟು ಹೋಗಬಹುದಾ ನೀವೆಲ್ಲ?” ಎಂದು ಕೇಳಿದಳು.

ಸರೋಜಾ ಬಿಲ್ಲೆಯ ವಿಷಯ, ಮನೆಯ ವಿಷಯ ಹೇಳಿದಳು. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೈಯಲ್ಲಿದ್ದ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, “ಇದನ್ನ ಬರೆಯುವ ಜಾಗವೇ ಇದರಲ್ಲಿ ಇಲ್ಲ ಅಕ್ಕ” ಎಂದಳು. ಕೊನೆಯ ಹಾಳೆಯ ಹಿಂಬದಿಯಲ್ಲಿ ಏನೋ ಬರೆದುಕೊಂಡಳು. ಅದನ್ನು ಯಾರು ಓದಿದರೋ ಗೊತ್ತಿಲ್ಲ.

ಅದಾಗಿ ಎರಡನೇ ದಿನ ಹಾಜರಿಯಲ್ಲಿ ಪ್ರವೀಣ ಮೂವತ್ತಾರರಿಂದ ಮೂವತ್ತೆಂಟಕ್ಕೆ ಹೋದ. ಸರೋಜಾ ಕೈಯಲ್ಲಿ ಬಿಲ್ಲೆ ಹಿಡಿದು ನಿಂತೇ ಇದ್ದಳು. ಎಲ್ಲರೂ ಒಳಗೆ ಹೋದ ಮೇಲೆ ಅವನು ಕೈ ಚಾಚಿದ. “ಕೊಡು. ನನ್ನ ನೌಕರಿನೂ ಕಳೀತಿದ್ದೆ ನೀನು.”

“ಹನ್ನೊಂದು ವರ್ಷ ಕೆಲ್ಸ ಮಾಡಿದ್ದಕ್ಕೆ ಒಂದು ಚೀಟಿ ಬರ್ಕೊಡು.”

“ಯಾರ ಹೆಸರಿಗೆ ಬರೀಲಿ? ಮಾಡಿದ್ದು ಬಂಗಾರಿ. ಆ ಬಂಗಾರಿ ಸತ್ತದೆ ಅಂತ ನೀನೇ ಹೇಳಿದ್ದಲ್ಲೇ.”

ಒಡೆಯರು ಬೈಯಲಿಲ್ಲ. ಗಂಡ ಹೆಂಡತಿಯನ್ನು ಜಗುಲಿಯಲ್ಲಿ ಕೂರಿಸಿ ಚಾ ಕೊಡಿಸಿದರು. “ಮಳೆಗಾಲ ಮುಗಿಯುವವರೆಗೆ ಇರಿ, ಸೋಮ. ಮಳೆಯಲ್ಲಿ ಯಾರನ್ನೂ ಹೊರಗೆ ಹಾಕುವವನಲ್ಲ ನಾನು” ಎಂದರು. ಮನೆಯ ತೆರಿಗೆ ರಸೀದಿ, ಕರೆಂಟು ಬಿಲ್ಲು, ಎಲ್ಲ ಅವರ ಹೆಸರಿನಲ್ಲಿತ್ತು. ಸೋಮ ಚಾ ಕುಡಿಯದೆ ಎದ್ದು ಬಂದ. ಮಾರನೇ ದಿನ ಭಟ್ಕಳ ಬಂದರಿಗೆ ಹೋಗಿ ಬೇರೆ ಬೋಟು ಕೇಳಿಬಂದ.

ಅಕ್ಟೋಬರಿನಲ್ಲಿ ಶೆಡ್ಡಿಗೆ ಪ್ರಮಾಣಪತ್ರ ಬಂತು. ಚೌಕಟ್ಟು ಹಾಕಿಸಿ ತಕ್ಕಡಿಯ ಮೇಲ್ಗಡೆ ತೂಗುಹಾಕಿದರು. ಕೆಲಸಗಾರರ ಸರಾಸರಿ ಸೇವೆ ಹದಿನೆಂಟು ಪಾಯಿಂಟ್ ಎರಡು ವರ್ಷ ಎಂದು ಅದರಲ್ಲಿತ್ತು. ಸುದ್ದಿ ಹೇಳಿದವಳು ದುರ್ಗಿ. ಮನೆ ಸಾಮಾನು ಕಟ್ಟಲು ಯಾರೂ ಕರೆಯದೆ ಬಂದಿದ್ದಳು. ಪಾತ್ರೆಗಳ ಮಧ್ಯೆ ಹಳೇ ಬಟ್ಟೆ ತುರುಕುತ್ತಾ, ತಲೆ ಎತ್ತದೆ, “ನಂಗೂ ಸೊಸೆ ಬರೂಕದೆ ಸರೋಜಕ್ಕ. ಎಲ್ಲಿಗಂತ ಕರ್ಕೊಂಬರ್ಲಿ ಅದ್ನ?” ಎಂದಳು.

“ನಾ ಎಂತ ಅಂದೆ ನಿಂಗೆ?” ಎಂದಳು ಸರೋಜಾ.

“ಅನ್ನಲಿಲ್ಲ ಅಂತ್ಲೇ.”

ಅಂಕಿತಾ ಗೋಡೆಗೆ ಒರಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದಳು. ಅಜ್ಜಿಯ ಇಪ್ಪತ್ತಾರು ವರ್ಷ ಕಳೆದರೆ ಏಳುನೂರ ನಲವತ್ತೆಂಟು. ಆಯಿಯನ್ನು ಹೊಸಬಳೆಂದು ಸೊನ್ನೆ ವರ್ಷಕ್ಕೆ ಬರೆದು ಉಳಿಸಿಕೊಂಡಿದ್ದರೆ, ನಲವತ್ತೆರಡು ಜನಕ್ಕೆ ಸರಾಸರಿ ಹದಿನೇಳು ಪಾಯಿಂಟ್ ಎಂಟಕ್ಕೆ ಇಳಿಯುತ್ತಿತ್ತು. ಆಯಿಯನ್ನು ತೆಗೆದದ್ದರಿಂದ, ನಲವತ್ತೊಂದು ಜನಕ್ಕೆ ಹದಿನೆಂಟು ಪಾಯಿಂಟ್ ಎರಡು.

“ಆಯಿ, ನಿನ್ನ ಇಟ್ಕೊಂಡಿದ್ರೆ ಬರೂದಕ್ಕಿಂತ ತೆಗೆದದ್ದಕ್ಕೇ ಅವರ ಸರಾಸರಿ ಹೆಚ್ಚು ಬಂದದೆ” ಎಂದಳು.

ಪ್ರವೀಣನಿಗೂ ಅದು ಹೊಳೆದಿರಬೇಕು. ಮೂವತ್ತೇಳನೇ ಮೊಳೆಗೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಹೊಸಬರು ಬಂದರೆ ಸರಾಸರಿ ಇಳಿಯುತ್ತದೆ. ನಲವತ್ತೆರಡು ಜನರ ಸಿಗಡಿಯನ್ನು ನಲವತ್ತೊಂದು ಜನ ಸುಲಿದರು.

ಹೆಬಳೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಅಡುಗೆಮನೆ. ಅಂಕಿತಾ ಕುಮಟೆಯಲ್ಲೇ ಹಾಸ್ಟೆಲಿಗೆ ಸೇರಿದಳು. ಬೆಳ್ಳಿ ಬಿಟ್ಟ ಜಾಗಕ್ಕೆ ಸರೋಜಾ ಹೋದಳು. ಮೊದಲ ದಿನ ಶಾಹಿದಾಬಾಯಿ ಹೆಸರು ಕೇಳಿ ಬರೆದುಕೊಂಡು, “ಸರೋಜಾ, ಮಶೀನಿಗೆ ಕೂತ್ಕೊಳ್ಳಿ ನೋಡುವ” ಎಂದಳು. ಸೂಜಿಗೆ ದಾರ ಪೋಣಿಸಲು ಸರೋಜಾ ಹದಿನೈದು ನಿಮಿಷ ಒದ್ದಾಡಿದಳು. ದಾರ ಬೆರಳಿನಲ್ಲಿದೆಯೋ ಬಿದ್ದಿದೆಯೋ ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಶಾಹಿದಾಬಾಯಿ ಅವಳನ್ನು ಕೆಳಗೆ ಚಾಪೆಯ ಮೇಲೆ ಕೂರಿಸಿ, ಹೊಲಿದ ಬಟ್ಟೆಯ ತುದಿದಾರ ಕತ್ತರಿಸುವ ಕೆಲಸ ಕೊಟ್ಟಳು. ಕತ್ತರಿಯನ್ನು ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳಲ್ಲಿ ಹಿಡಿಯುವುದನ್ನು ಸರೋಜಾ ತಾನೇ ಕಂಡುಕೊಂಡಳು.

ಬೆಳ್ಳಿ ಹೇಳಿದ್ದು ನಿಜವೇ ಆಗಿತ್ತು. ಹುಡುಗಿಯರು ಬರುತ್ತಿದ್ದರು, ಕಲಿಯುತ್ತಿದ್ದರು, ಹೋಗುತ್ತಿದ್ದರು. ಹೋಗುವವಳು ಒಂದು ಪೊಟ್ಟಣ ಖಾರ, ಒಂದು ಪೊಟ್ಟಣ ಸಿಹಿ ತರುವಳು. ಶಾಹಿದಾಬಾಯಿ, “ಹೋಗಿ, ಎಲ್ರೂ ಹೋಗಿ, ನಾನೊಬ್ಳೇ ಕೂತು ಹೊಲೀತೇನೆ” ಎಂದು ಗೊಣಗುತ್ತಾ ಅವಳಿಗೊಂದು ಹೊಸ ಕತ್ತರಿ ಕೊಡುವಳು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಹನ್ನೊಂದು ಕತ್ತರಿ ಹೋದದ್ದನ್ನು ಸರೋಜಾ ಎಣಿಸಿದ್ದಳು.

ಆಗಲೇ ಬ್ಯಾಂಕಿನಿಂದ ಒಬ್ಬ ಅಧಿಕಾರಿ ಬಂದ. ಶಾಹಿದಾಬಾಯಿ ಇನ್ನೂ ನಾಲ್ಕು ಮಶೀನು ಹಾಕಲು ಸಾಲ ಕೇಳಿದ್ದಳು. ಎಂಟು ಹೆಂಗಸರು ಸೇರಿದ ದಿನ ಬರೆದುಕೊಂಡು ಮೊಬೈಲಿನಲ್ಲಿ ಕೂಡಿ ಭಾಗಿಸಿದ. “ಸರಾಸರಿ ಹತ್ತು ತಿಂಗಳು” ಎಂದು ಮುಖ ಸಿಂಡರಿಸಿದ. “ನಿಮ್ಮಲ್ಲಿ ಯಾರೂ ನಿಲ್ಲುವುದಿಲ್ಲವಲ್ಲ? ಏನು ಸಮಸ್ಯೆ?” ಶಾಹಿದಾಬಾಯಿ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ದುಪಟ್ಟಾದ ಅಂಚು ತಿರುವಿದಳು. ಅಧಿಕಾರಿಯ ಬೆರಳು ಪಟ್ಟಿಯಲ್ಲಿ ನಿಂತಿತು. “ಇವರೊಬ್ಬರು ಇಪ್ಪತ್ತೆಂಟು ತಿಂಗಳಿಂದ ಇದ್ದಾರೆ. ಯಾರು? ನೀವಾ? ನೋಡಿ, ಇಂಥವರು ನಾಲ್ಕು ಜನ ಇದ್ದರೆ ಸಂಸ್ಥೆಗೆ ಒಂದು ಬೆಲೆ.”

ಸರೋಜಾ ಕತ್ತರಿ ಕೆಳಗಿಟ್ಟು ಬಲಗೈ ಎತ್ತಿ ತೋರಿಸಿದಳು. ತೋರುಬೆರಳು ಮೊಳೆಯಂತೆ ನೆಟ್ಟಗೇ ನಿಂತಿತ್ತು. “ಹೋಗೂಕಾಗೂದಿಲ್ಲ ಸಾರ್. ಅದ್ಕೇ ಇದ್ದೆ.”

ಅವನಿಗೆ ಅರ್ಥವಾಗಲಿಲ್ಲ. ತನಗೆ ನಮಸ್ಕಾರ ಹೇಳುತ್ತಿದ್ದಾಳೆ ಎಂದುಕೊಂಡು ತಾನೂ ಕೈ ಮುಗಿದು, ಇಪ್ಪತ್ತೆಂಟನ್ನು ಬರೆದುಕೊಂಡ.

ಅದೇ ವಾರ ಅಂಕಿತಾ ಫೋನು ಮಾಡಿದಳು. ಡಿಗ್ರಿ ಮುಗಿಸಿ ಕುಮಟೆಯ ಒಂದು ಲ್ಯಾಬಿಗೆ ಸೇರಿ ಐದು ತಿಂಗಳಾಗಿತ್ತು.

“ಆಯಿ, ಆ ಕೆಲ್ಸ ಬಿಟ್ಟೆ. ಹೊನ್ನಾವರದಲ್ಲಿ ಒಳ್ಳೇದು ಸಿಕ್ಕಿದೆ.”

“ಬಿಟ್ಯಾ? ಬದಲಿಗೆ ಯಾರನ್ನ ಕೊಟ್ಟೆ?”

“ಯಾರನ್ನೂ ಇಲ್ಲ. ಒಂದು ಚೀಟಿ ಬರ್ದು ಮೇಜಿನ ಮೇಲೆ ಇಟ್ಟೆ, ಬಂದೆ.”

“ಎಂತದೂ ಕೇಳ್ಲಿಲ್ಲಾ ಅವರು?”

“ಆತು ಅಂದ್ರು. ಆಯಿ? ಕೇಳ್ತಾ?”

ಸರೋಜಾ ಫೋನನ್ನು ಎಡಗೈಗೆ ಬದಲಿಸಿಕೊಂಡಳು. ಬಲಗೈ ಅದನ್ನು ಹಿಡಿದಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ.

“ಇನ್ನೊಂದು ಸಲ ಹೇಳು” ಎಂದಳು. “ಮೇಜಿನ ಮೇಲೆ ಇಟ್ಟೆ. ಆಮೇಲೆ?”